ಒಂದೂಕಾಲು ಇಂಚು

ಆ ಬೀದಿಯವರು ಅವನನ್ನು ಎದುರಿಗೆ ‘ಮಾಸ್ಟ್ರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಇಂಚುಪಟ್ಟಿ’ ಎನ್ನುತ್ತಿದ್ದರು. ಕೊರಳಲ್ಲಿ ಸದಾ ನೇತಾಡುವ ಹಳದಿ ಅಳತೆಪಟ್ಟಿಯಿಂದ ಬಂದ ಹೆಸರು ಎಂದು ಅವನು ನಂಬಿಕೊಂಡಿದ್ದ. ನಂಬಿಕೊಳ್ಳಲಿ ಪಾಪ. ಎದುರಿಗೆ ಬಂದ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಇಷ್ಟೇನಾ ಎಂಬಂತೆ ತುಟಿ ಸೊಟ್ಟ ಮಾಡುವ ಅವನ ಚಾಳಿಗೆ ಜನ ಇಟ್ಟ ಹೆಸರು ಅದು.

ಕೆಲಸದಲ್ಲಿ ಮಾತ್ರ ಆ ದರ್ಜಿಯನ್ನು ಮೀರಿಸುವವರಿರಲಿಲ್ಲ. ಒಪ್ಪಿಕೊಳ್ಳಲು ಎಷ್ಟೇ ಹೊಟ್ಟೆಯುರಿಯಾದರೂ ಒಪ್ಪಿಕೊಳ್ಳಬೇಕು. ಅಂಗಡಿ ಎಂದರೆ ಉದ್ದಕ್ಕೆ ಹತ್ತು ಹೆಜ್ಜೆಯ ಒಂದು ಕೋಣೆ. ಕಿಟಕಿಯ ಪಕ್ಕ ತುಳಿಯುವ ಹೊಲಿಗೆ ಯಂತ್ರ, ಅದರ ಕಾಲಬುಡದಲ್ಲಿ ಚಿಂದಿಯ ಗಂಟು, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಮೇಜಿನ ಖಾನೆಯಲ್ಲಿ ಅಳತೆ ಪುಸ್ತಕ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ, ಪುಟದ ತಲೆಯ ಮೇಲೆ ಹೆಸರಿನ ಬದಲು ಒಂದು ಬೈಗುಳ. ‘ಮಡಕೆ ಹೊಟ್ಟೆ’, ‘ಕೊಕ್ಕರೆ ಕಾಲು’, ‘ಕತ್ತಿಲ್ಲದ ವಕೀಲ’. ಯಾರ ಭುಜ ಎಷ್ಟು ಇಳಿದಿದೆ, ಯಾರ ಬೆನ್ನು ಎಂದಿನಿಂದ ಗೂನಾಗುತ್ತಿದೆ, ಎಲ್ಲಕ್ಕೂ ತಾರೀಖು ಸಮೇತ ದಾಖಲೆ. ಸರಿಪಡಿಸುವಾಗ ಕತ್ತರಿಸಿದ ಬಟ್ಟೆಯ ಚೂರನ್ನು ಆ ಪುಟಕ್ಕೇ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದ. ನಾಳೆ ಯಾರಾದರೂ ತಕರಾರು ಎತ್ತಿದರೆ ಮುಖಕ್ಕೆ ಹಿಡಿಯಬೇಕಲ್ಲ.

ಇಷ್ಟೆಲ್ಲ ಕಂಡರೂ ಗಿರಾಕಿಗೆ ಮಾತ್ರ ಒಂದಕ್ಷರ ಹೇಳುತ್ತಿರಲಿಲ್ಲ. ಅದು ಅವನಿಗೆ ಕೆಲಸ ಕಲಿಸಿದ ಚಿಕ್ಕಪ್ಪ ಹಾಕಿಕೊಟ್ಟ ಪಾಠ. “ಗಿರಾಕಿಯ ಮೈ ಡೊಂಕನ್ನ ಬಟ್ಟೆ ನುಂಗಬೇಕು ಕಣೋ, ದರ್ಜಿಯ ಬಾಯಿ ಉಗುಳಬಾರದು” ಎನ್ನುತ್ತಿದ್ದನಂತೆ ಆ ಚಿಕ್ಕಪ್ಪ. ಒಂದು ಭುಜ ಇಳಿದಿದ್ದರೆ ಒಳಗೆ ಒಂದು ಪದರ ಹತ್ತಿ ಹೆಚ್ಚು ಇಡು. ಒಂದು ಕಾಲು ಮೋಟಾಗಿದ್ದರೆ ಆ ಕಡೆಯ ಅಂಚನ್ನು ಅಷ್ಟೇ ಮೇಲೆ ಮಡಚು. ಗಿರಾಕಿ ಕನ್ನಡಿಯಲ್ಲಿ ನೋಡಿಕೊಂಡು, ಆಹಾ ನಾನೆಷ್ಟು ನೆಟ್ಟಗಿದ್ದೇನೆ ಎಂದು ಹಿಗ್ಗಿಕೊಂಡು ಹೋಗಬೇಕು. ಹೋದ ಮೇಲೆ ಇಂಚುಪಟ್ಟಿ ಬಾಗಿಲ ಕಡೆ ನೋಡಿ, “ಹೆಗ್ಗಣಕ್ಕೆ ರೇಷ್ಮೆ ಹೊದಿಸಿದ ಹಾಗಾಯ್ತು” ಎಂದು ಗೊಣಗುತ್ತಿದ್ದ. ಊರಿನವರ ಮೈಯನ್ನೆಲ್ಲ ಬಲ್ಲವನು ತಾನೊಬ್ಬನೇ ಎಂಬ ಜಂಬ ಅವನ ನೆತ್ತಿಗೇರಿತ್ತು.

ಇಂಥವನ ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಂಗಡಿಯಿಂದ ನಾಲ್ಕು ಕಟ್ಟಡ ಆಚೆಗೆ, ಇಪ್ಪತ್ತೆರಡು ಮೆಟ್ಟಿಲ ಮೇಲಿನ ಎರಡು ದೊಡ್ಡ ಕೋಣೆಗಳು. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿನ ಪ್ರತಿ ಪುಸ್ತಕದ ಜಾಗ ಅವಳಿಗೆ ಬಾಯಿಪಾಠ. ಓದಲು ಬರುವವರಿಗೆಲ್ಲ ಅವಳು ಲೈಬ್ರರಿ ಅಕ್ಕ. ಇಡೀ ದಿನದಲ್ಲಿ ಅವಳನ್ನು ಯಾರಾದರೂ ಮರ್ಯಾದೆಯಿಂದ ಮಾತಾಡಿಸುತ್ತಿದ್ದರೆ ಅದು ಆ ಇಪ್ಪತ್ತೆರಡು ಮೆಟ್ಟಿಲ ಮೇಲೆ. ಕೆಳಗಿಳಿದರೆ ಅವಳು ಇಂಚುಪಟ್ಟಿಯ ಹೆಂಡತಿ. ಅಳತೆ ಪುಸ್ತಕದಲ್ಲಿ ಅವಳಿಗೊಂದು ಪುಟವೂ ಇರಲಿಲ್ಲ. ಮನೆಯವಳಿಗೆ ಯಾಕೆ ಪುಟ ಎಂಬುದು ಅವನ ವಾದ.

ಎರಡು ವರ್ಷದ ಹಿಂದೆ ಅವಳಿಗೆ ಮಂಡಿನೋವು ಶುರುವಾಯಿತು. ಬಲಗಾಲಿನ ಮಂಡಿ. ಔಷಧಿ ಅಂಗಡಿಯವನು ಒಂದು ಮುಲಾಮು ಕೊಟ್ಟ. ಹಚ್ಚಿದಳು, ತಿಕ್ಕಿದಳು, ಬಿಸಿನೀರಿನ ಶಾಖ ಕೊಟ್ಟಳು. ಕಡಿಮೆಯಾಗಲಿಲ್ಲ. ಮಂಡಿಯ ಎಕ್ಸ್‌ರೇ ತೆಗೆಸಿದರು. ಮಂಡಿ ಚೊಕ್ಕವಾಗಿದೆ, ವಯಸ್ಸಿಗೆ ಮೀರಿ ಚೆನ್ನಾಗಿದೆ ಎಂದು ಚೀಟಿ ಬಂತು. ಸಿಕ್ಕಿತಲ್ಲ ಇಂಚುಪಟ್ಟಿಗೆ ಆಯುಧ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವತ್ತಿನಿಂದ ದಿನಕ್ಕೆರಡು ಸಲ ಹೇಳತೊಡಗಿದ.

ಅವಳು ಬೆಳಿಗ್ಗೆ ಮಂಚದಿಂದಿಳಿದರೆ ಗೋಡೆ ಹಿಡಿದು ನಿಲ್ಲುವಳು. ಮೊದಲ ಹತ್ತು ಹೆಜ್ಜೆ ಕಾಲು ಮರದ ಕೊರಡು. ಆಮೇಲೆ ಸ್ವಲ್ಪ ಸಡಿಲವಾಗುವುದು.

“ಏನಮ್ಮಾ, ಇಂಜಿನ್ ಬಿಸಿ ಆಯ್ತಾ?” ಎನ್ನುವನು ಇವನು, ಹಲ್ಲುಜ್ಜುತ್ತಾ.

ಬಲಗಾಲಿನ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಅವಳಿಗೆ ಬಗ್ಗಲಾಗಲಿಲ್ಲ. ಎಡಗಾಲಿನದು ಸಲೀಸು, ಬಲಗಾಲಿನದು ಕೈಗೆ ಎಟುಕದು. ಆ ಪಾದದ ಉಗುರು ಕತ್ತರಿಸುವುದಂತೂ ದೊಡ್ಡ ಯುದ್ಧ. ಕೊನೆಗೆ ಪಟ್ಟಿಯಿಲ್ಲದ ಚಪ್ಪಲಿ ತಂದುಕೊಂಡಳು. “ಹೊಟ್ಟೆ ಅಡ್ಡ ಬರ್ತಿದೆ, ಇನ್ನೇನಿಲ್ಲ” ಎಂದು ಇವನ ತೀರ್ಪು. ಅವಳ ಸೊಂಟದ ಸುತ್ತಳತೆ ಹದಿನೈದು ವರ್ಷದಿಂದ ಒಂದೇ ಎಂದು ಅವನಿಗೆ ಗೊತ್ತಿತ್ತು. ಸೀರೆಯ ಬದಲು ಅವಳು ಉಡುವ ಉದ್ದ ಲಂಗಗಳನ್ನು ಹೊಲಿಯುವವನೇ ಅವನು, ಗೊತ್ತಿರದೆ ಏನು? ಆದರೂ ಅಂದ. ಬಾಯಿಗೆ ಬಂದದ್ದನ್ನು ಹೆಂಡತಿಗೆ ಅನ್ನುವುದಕ್ಕೆ ಅವನಿಗೆ ಅಳತೆ ಬೇಕಿರಲಿಲ್ಲ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಿಂತಿತು. ಗ್ರಂಥಾಲಯದ ಕೆಳಗಿನ ಸಾಲಿನ ಪುಸ್ತಕಗಳನ್ನು ಓದುವವರೇ ತೆಗೆದುಕೊಳ್ಳುವಂತಾಯಿತು. ಬಲ ಮಗ್ಗುಲಿಗೆ ಮಲಗಿದರೆ ನೋವು. ನಡೆಯುವಾಗ ಮೈ ಬಲಕ್ಕೆ ವಾಲುವುದು. ತೊಡೆಸಂದಿಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದು ಒಂದು ದಿನ ಊಟ ಬಡಿಸುತ್ತಾ ಹೇಳಿದಳು. “ಮೊನ್ನೆ ಮಂಡಿ, ಇವತ್ತು ತೊಡೆಸಂದಿ, ನಾಳೆ ಕಿವಿ ಇರ್ಬೇಕು” ಎಂದು ಇವನು ತಟ್ಟೆ ಮುಂದಕ್ಕೆ ತಳ್ಳಿದ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಕೋಲೊಂದನ್ನು ಮಾತ್ರ ತಂದುಕೊಟ್ಟ. ಅದೂ ಕನಿಕರದಿಂದಲ್ಲ, ಬೀದಿಯಲ್ಲಿ ವಾಲಿಕೊಂಡು ಬಂದರೆ ತನ್ನ ಮಾನ ಹೋಗುತ್ತದೆಂದು. ಅವಳ ಮಣಿಕಟ್ಟಿನ ಎತ್ತರಕ್ಕೆ ನೂಲೆಳೆ ತಪ್ಪದೆ ಕತ್ತರಿಸಿಕೊಟ್ಟು, “ಬಲಗೈಯಲ್ಲಿ ಹಿಡ್ಕೊ, ನೋವಿರೋ ಕಡೆ” ಎಂದು ಅಪ್ಪಣೆ ಮಾಡಿದ. ಹಿಡಿದಳು. ಇನ್ನಷ್ಟು ವಾಲಿದಳು.

ಈ ನಡುವೆ ಅವಳ ಲಂಗದ ಅಂಚು ಬಲಗಡೆ ನೆಲ ಗುಡಿಸತೊಡಗಿತ್ತು. ಮೊದಲು ಕಂದು ಬಣ್ಣದ ಲಂಗ. ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ನೋಡಿದ. ಬಲಕ್ಕೆ ಅರ್ಧ ಇಂಚು ಇಳಿದಿತ್ತು. “ಒಗೆಯುವಾಗ ಹಿಂಡಿ ಹಿಂಡಿ ಬಟ್ಟೆ ಎಳೆದು ಹಾಕಿದ್ದೀಯ” ಎಂದು ಬೈದು, ಬಲಗಡೆ ಅರ್ಧ ಇಂಚು, ಎಡಕ್ಕೆ ಬರುತ್ತಾ ಸೊನ್ನೆಯಾಗುವ ಹಾಗೆ ಪಟ್ಟಿ ಕತ್ತರಿಸಿ ಅಂಚು ಮಡಚಿ ಹೊಲಿದ. ಎಂಟು ತಿಂಗಳು ಬಿಟ್ಟು ನೀಲಿ ಲಂಗ. ಅದನ್ನೂ ಅವಳು ಹಿಂಡಿ ಎಳೆದಿದ್ದಳಂತೆ. ಮೊನ್ನೆ ಮೊನ್ನೆ ಬೂದು ಲಂಗ, ಹೊಚ್ಚ ಹೊಸದು, ಇನ್ನೂ ಒಗೆದೇ ಇರಲಿಲ್ಲ. ಆಗ ಅಂಗಡಿಗೆ ಬಟ್ಟೆ ತಂದುಕೊಡುವ ವ್ಯಾಪಾರಿಯನ್ನು ಬೈದ. ಕತ್ತರಿಸಿದ ಪಟ್ಟಿಗಳನ್ನು ಚಿಂದಿಯ ಗಂಟಿಗೆ ಎಸೆದ. ಪುಟವಿಲ್ಲದವಳ ಚೂರನ್ನು ಚುಚ್ಚಿಡುವುದೆಲ್ಲಿ? ಅವಳು ಕನ್ನಡಿಯಲ್ಲಿ ನೋಡಿಕೊಂಡಳು. ಅಂಚು ನೇರವಾಗಿತ್ತು. ಅದನ್ನು ನೋಡಿ ಅವಳೂ ಸಮಾಧಾನಪಟ್ಟುಕೊಂಡಳು.

ಗ್ರಂಥಾಲಯದ ಮೇಲ್ವಿಚಾರಕರು ಒಂದು ದಿನ ಅವಳನ್ನು ಕರೆದು ಕೂರಿಸಿದರು. ಮೆಟ್ಟಿಲು ಹತ್ತುವಾಗ ಅವಳು ಪ್ರತಿ ಮೆಟ್ಟಿಲಿಗೂ ಎಡಗಾಲು ಮೊದಲಿಟ್ಟು ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವುದನ್ನು ಅವರು ಗಮನಿಸಿದ್ದರು. “ಅಕ್ಕಾ, ಬಿದ್ದುಗಿದ್ದರೆ ನಮ್ಮ ತಲೆಗೆ ಬರತ್ತೆ. ವರ್ಷದ ಕೊನೆಗೆ ಸರಿ ಹೋಗದಿದ್ರೆ ನಿವೃತ್ತಿ ತಗೊಂಡು ಆರಾಮಾಗಿ ಮನೇಲಿರಿ” ಎಂದರು. ಅವಳಿಗೆ ದಿಗಿಲಾಯಿತು. ನೋವನ್ನಾದರೂ ಹಲ್ಲುಕಚ್ಚಿ ಸಹಿಸಬಹುದು. ಬೆಳಗಿನಿಂದ ಸಂಜೆಯವರೆಗೆ ಇಂಚುಪಟ್ಟಿಯ ಬಾಯಿಗೆ ಸಿಕ್ಕಿಕೊಂಡು ಮನೆಯಲ್ಲಿರುವುದನ್ನು ಸಹಿಸುವುದು ಹೇಗೆ? ವರ್ಷದ ಕೊನೆಗೆ ಇನ್ನು ಏಳು ತಿಂಗಳಿತ್ತು. ಗಂಡನಿಗೆ ಹೇಳಿದಳು. “ಒಳ್ಳೇದೇ ಆಯ್ತು, ಗುಂಡಿ ಹಾಕೋಕೆ ನನಗೂ ಜನ ಬೇಕು” ಎಂದ ಪುಣ್ಯಾತ್ಮ.

ಹೀಗಿರುವಾಗ ಒಂದು ಮಧ್ಯಾಹ್ನ ನಿವೃತ್ತ ಬಸ್ ಡ್ರೈವರೊಬ್ಬ ಅಂಗಡಿಗೆ ಬಂದ. ಹಳೆಯ ಗಿರಾಕಿ. ಆರು ತಿಂಗಳಿನಿಂದ ಕಂಡಿರಲಿಲ್ಲ. ಮೊದಲೆಲ್ಲ ದೋಣಿಯ ಹಾಗೆ ಅತ್ತಿತ್ತ ತೂಗುತ್ತಾ ಬರುತ್ತಿದ್ದವನು ಈಗ ನೆಟ್ಟಗೆ ಬಂದ. ಬಂದವನೇ ನಾಲ್ಕು ಪ್ಯಾಂಟುಗಳನ್ನು ಮೇಜಿನ ಮೇಲೆ ಹಾಕಿದ.

“ಏನ್ ಮಾಸ್ಟ್ರೇ ಇದು? ನಾಲ್ಕಕ್ಕೂ ಎಡಗಾಲು ಮೋಟು. ಹಾಕ್ಕೊಂಡು ಹೊರಗೆ ಹೋದ್ರೆ ಮೊಮ್ಮಕ್ಕಳು ನಗ್ತಾರೆ. ಇಷ್ಟು ಹೆಸರು ಮಾಡಿದೋರು ಹೀಗಾ ಹೊಲಿಯೋದು?”

ಇಂಚುಪಟ್ಟಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷದಲ್ಲಿ ಅವನ ಅಳತೆ ತಪ್ಪಿದೆ ಎಂದು ಯಾರೂ ಅಂದಿರಲಿಲ್ಲ. ಖಾನೆ ಎಳೆದು ಪುಸ್ತಕ ತೆಗೆದ. ‘ದೋಣಿ’ ಎಂದು ಬರೆದ ಪುಟ ಹುಡುಕಿ, ಡ್ರೈವರನ ಮೂಗಿನ ಕೆಳಗೆ ಹಿಡಿದ.

“ಮೋಟಾಗಿರೋದು ಪ್ಯಾಂಟಲ್ಲ ಸ್ವಾಮಿ, ನಿಮ್ಮ ಕಾಲು. ನೋಡಿ ಇಲ್ಲಿ, ಮೂರು ವರ್ಷದ ಹಿಂದೆ ಕಾಲಿಂಚು. ಆಮೇಲೆ ಅರ್ಧ. ಆಮೇಲೆ ಮುಕ್ಕಾಲು. ತಾರೀಖು ಇದೆ, ಚೂರೂ ಇದೆ. ನಾನು ತಪ್ಪು ಹೊಲಿಯೋ ಮಗ ಅಲ್ಲ.”

ಡ್ರೈವರ್ ಕನ್ನಡಕ ಹಾಕಿಕೊಂಡು ಪುಟವನ್ನು ಓದಿದ. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಮೇಲೆ ಬರೆದಿದ್ದ ‘ದೋಣಿ’ಯನ್ನೂ ಓದಿದ. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಕೊಂಡ.

“ಮೂರು ವರ್ಷದಿಂದ ಗೊತ್ತಿತ್ತಾ ನಿಮಗೆ?”

“ಗೊತ್ತಿರದೆ ಏನು? ಕಣ್ಣಿಲ್ವಾ ನನಗೆ?”

“ಕಣ್ಣಿದೆ. ಬಾಯಿ ಇರಲಿಲ್ಲ ಅನ್ಸತ್ತೆ” ಎಂದ ಡ್ರೈವರ್. ದನಿ ಏರಿಸಲಿಲ್ಲ. “ಎರಡು ವರ್ಷ ಮಂಡಿಗೆ ಎಣ್ಣೆ ಸುರಿದೆ ನಾನು. ನೋವು ಮಂಡೀಲಿ, ಕಾಯಿಲೆ ಸೊಂಟದ ಕೀಲಲ್ಲಿ. ಕಾಲುಚೀಲ ಹಾಕೋಕೆ ಬಗ್ಗಕ್ಕಾಗ್ತಿರಲಿಲ್ಲ. ಬಸ್ಸಿಂದ ಇಳೀವಾಗ ತೊಡೆಸಂದೀಲಿ ಚುಚ್ಚೋದು. ಬೆಳಿಗ್ಗೆ ಎದ್ದರೆ ಹತ್ತು ಹೆಜ್ಜೆ ಕಾಲು ನನ್ನದಲ್ಲ. ವಯಸ್ಸಾಯ್ತು ಅಂದ್ಕೊಂಡೆ. ಕನ್ನಡೀಲಿ ನೋಡ್ಕೊಂಡ್ರೆ ನೆಟ್ಟಗೇ ಕಾಣ್ತಿದ್ದೆ, ನೀವು ಅಷ್ಟು ಚೆಂದ ಹೊಲಿದಿದ್ರಲ್ಲ. ಕೀಲು ಪೂರ್ತಿ ಸವೆದ ಮೇಲೆ ತೆಗೆದು ಹೊಸದು ಹಾಕಿದ್ರು. ಈಗ ಎರಡು ಕಾಲೂ ಸಮ. ಒಂದು ಮಾತು, ‘ನಿಮ್ಮ ಕಾಲು ಮೋಟಾಗ್ತಿದೆ, ತೋರಿಸಿ’ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಎದ್ದು ನಿಂತ. ಪ್ಯಾಂಟುಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. “ಬೇರೆ ಕಡೆ ಸರಿ ಮಾಡಿಸ್ತೀನಿ. ಅಲ್ಲಿ ಅಳತೆ ಗೊತ್ತಿಲ್ಲದೋರು ಇರಬಹುದು, ಮನುಷ್ಯರಿದ್ರೆ ಸಾಕು” ಎಂದು ಹೊರಟುಹೋದ.

ಇಂಚುಪಟ್ಟಿ ಎಂದಿನಂತೆ ಬಾಗಿಲ ಕಡೆ ನೋಡಿ ಏನಾದರೂ ಗೊಣಗಬೇಕೆಂದು ಬಾಯಿ ತೆರೆದ. ಗೊಣಗು ಹೊರಡಲಿಲ್ಲ. ಬೆಳಿಗ್ಗೆ ಎದ್ದರೆ ಹತ್ತು ಹೆಜ್ಜೆ. ಬಗ್ಗಲಾಗದು. ತೊಡೆಸಂದಿ. ನೋವು ಮಂಡಿಯಲ್ಲಿ. ಡ್ರೈವರ್ ಹೇಳಿದ್ದರಲ್ಲಿ ಒಂದೂ ಹೊಸತಾಗಿರಲಿಲ್ಲ. ಎಲ್ಲವನ್ನೂ ಅವನು ತನ್ನ ಮನೆಯಲ್ಲೇ ಕೇಳಿದ್ದ, ಕೇಳಿ ಗಾದೆ ಹೇಳಿದ್ದ.

ಯಂತ್ರದ ಕೆಳಗಿನ ಗಂಟನ್ನು ಎಳೆದು ನೆಲಕ್ಕೆ ಸುರಿದ. ಮಂಡಿಯೂರಿ ಕೆದಕಿದ. ಕಂದು ಪಟ್ಟಿ ಸಿಕ್ಕಿತು, ಯಂತ್ರದ ಎಣ್ಣೆ ಒರೆಸಿ ಕರ‍್ರಗಾಗಿತ್ತು. ನೀಲಿ ಸಿಕ್ಕಿತು. ಬೂದು ಮೇಲೆಯೇ ಇತ್ತು. ಮೂರನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಹಾಸಿ, ಅಗಲದ ತುದಿಗೆ ಅಳತೆಪಟ್ಟಿ ಇಟ್ಟ. ಅರ್ಧ ಇಂಚು. ಮುಕ್ಕಾಲು ಇಂಚು. ಒಂದೂಕಾಲು ಇಂಚು.

ಬಟ್ಟೆ ಎಳೆದುಕೊಂಡಿದ್ದರೆ ಒಂದು ಲಂಗ ಎಳೆದುಕೊಳ್ಳಬೇಕು. ಮೂರು ಲಂಗ, ಮೂರು ಬೇರೆ ಬೇರೆ ಥಾನು, ಮೂರೂ ಬಲಕ್ಕೇ ಇಳಿಯುವುದೆಂದರೇನು? ಇದನ್ನು ಬೇರೆ ಯಾವ ಗಿರಾಕಿಯ ಮೈಮೇಲೆ ಕಂಡಿದ್ದರೂ ಅವನು ಮೊದಲ ನೋಟಕ್ಕೇ ಕಾಲು ಮೋಟು ಎಂದು ಬರೆದಿಡುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇವನದು ಅದೂ ಅಲ್ಲ, ಬೆಳಕಿತ್ತು, ಕಣ್ಣೂ ಇತ್ತು. ನೋಡಲು ಯೋಗ್ಯಳು ಎಂದು ಅವಳನ್ನು ಎಣಿಸಿರಲಿಲ್ಲ, ಅಷ್ಟೇ.

ಅಂಗಡಿಯ ಬಾಗಿಲು ಎಳೆದು ಗ್ರಂಥಾಲಯಕ್ಕೆ ನಡೆದ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವನು ಆ ಮೆಟ್ಟಿಲು ಹತ್ತಿದವನಲ್ಲ. ಕೆಳಗೆ ನಿಂತಾಗ ಅವಳು ಕೆಲಸ ಮುಗಿಸಿ ಇಳಿಯುತ್ತಿದ್ದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಕಟಕಟೆಯನ್ನು ಎರಡೂ ಕೈಯಿಂದ ಹಿಡಿದು, ಮೊದಲು ಬಲಗಾಲು, ಪಕ್ಕಕ್ಕೆ ಎಡಗಾಲು. ಮತ್ತೆ ಬಲಗಾಲು, ಪಕ್ಕಕ್ಕೆ ಎಡಗಾಲು. ಮುಖ ಬಿಳಿಚಿತ್ತು. ಅವನು ಗಿರಾಕಿಯನ್ನು ನೋಡುವ ಹಾಗೆ ಮೊದಲ ಬಾರಿ ಹೆಂಡತಿಯನ್ನು ನೋಡಿದ. ಅವಳು ಇಪ್ಪತ್ತೆರಡನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವನು ಕೊರಳಿನ ಅಳತೆಪಟ್ಟಿಯನ್ನು ತೆಗೆದು ಜೇಬಿಗೆ ತುರುಕಿಕೊಂಡಿದ್ದ. ಹಾಗೆ ಮಾಡಿಸಿದ್ದು ನಾಚಿಕೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಭ್ಯಾಸವಿರಲಿಲ್ಲವಲ್ಲ.

ಅವಳು ಅವನನ್ನು ಕಂಡು ಗಾಬರಿಯಾದಳು. ತಕ್ಷಣ ತಲೆ ತಗ್ಗಿಸಿ ಲಂಗ ನೋಡಿಕೊಂಡಳು.

“ಯಾಕ್ರೀ, ಅಂಚು ಮತ್ತೆ ಇಳಿದಿದೆಯಾ?”

“ಇಲ್ಲ. ನಡಿ, ಮೂಳೆ ಡಾಕ್ಟ್ರ ಹತ್ರ ಹೋಗೋಣ” ಎಂದ.

ಮೂಳೆ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಚುಟುಕು. ಮೊದಲು ಕೋಲನ್ನು ನೋಡಿದರು.

“ಬಲಗೈಯಲ್ಲಿ ಹಿಡ್ಕೊಳ್ಳಿ ಅಂತ ಯಾರು ಹೇಳಿದ್ದು?”

ಹೆಂಡತಿ ಗಂಡನ ಕಡೆ ನೋಡಿದಳು.

“ನೋವಿರೋ ಕಾಲಿನ ಎದುರು ಕೈಯಲ್ಲಿ ಹಿಡೀಬೇಕು. ಹಾಗಾದ್ರೆ ಕೀಲಿನ ಮೇಲೆ ಭಾರ ಕಡಿಮೆ ಬೀಳತ್ತೆ” ಎಂದು ಕೋಲನ್ನು ಎಡಗೈಗೆ ಕೊಟ್ಟು ನಡೆಸಿದರು. ವಾಲುವುದು ಅಲ್ಲೇ ಅರ್ಧ ಕಡಿಮೆಯಾಯಿತು. ಆಮೇಲೆ ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿದರು. ಮಂಡಿಯನ್ನು ಒತ್ತಿದರು, ಮಡಚಿದರು, ಅಲ್ಲಿ ನೋವಿರಲಿಲ್ಲ. ಎಡಗಾಲನ್ನು ಮಡಚಿ ತೊಡೆಯನ್ನು ಒಳಕ್ಕೆ ತಿರುಗಿಸಿದರು. ಬಾಗಿಲಿನ ಹಾಗೆ ತಿರುಗಿತು. ಬಲಗಾಲನ್ನು ತಿರುಗಿಸಲು ಹೋದಾಗ ಅದು ಅಲ್ಲೇ ಕಚ್ಚಿಕೊಂಡಿತು, ಅವಳು ತೊಡೆಸಂದಿಯ ಮೇಲೆ ಕೈಯಿಟ್ಟು ತುಟಿ ಕಚ್ಚಿದಳು.

“ಮಂಡಿ ಚೆನ್ನಾಗಿದೆ. ಇದು ಸೊಂಟದ ಕೀಲು. ಅಲ್ಲಿಂದ ನೋವು ಇಳಿದು ಮಂಡೀಲಿ ಕಾಣಿಸ್ಕೊಳ್ಳತ್ತೆ, ಎಷ್ಟೋ ಜನ ಹೀಗೇ ಮೋಸ ಹೋಗ್ತಾರೆ. ಕಾಲೂ ಮೋಟಾಗಿದೆ. ಎಷ್ಟು ದಿನ ಆಯ್ತು ಇದು ಶುರುವಾಗಿ?”

“ಗೊತ್ತಿಲ್ಲ ಡಾಕ್ಟ್ರೇ, ನನಗೆ ಗೊತ್ತೇ ಆಗಲಿಲ್ಲ” ಎಂದಳು ಅವಳು.

ಇಂಚುಪಟ್ಟಿ ಅಂಗಿಯ ಜೇಬಿಗೆ ಕೈ ಹಾಕಿ ಮೂರು ಪಟ್ಟಿಗಳನ್ನು ತೆಗೆದ. ಡಾಕ್ಟರ ಮೇಜಿನ ಮೇಲೆ ಒಂದೊಂದಾಗಿ ಇಟ್ಟ. “ಇದು ಒಂದೂವರೆ ವರ್ಷದ ಹಿಂದೆ, ಅರ್ಧ ಇಂಚು. ಇದು ಹತ್ತು ತಿಂಗಳ ಹಿಂದೆ, ಮುಕ್ಕಾಲು. ಇದು ಹೋದ ತಿಂಗಳು, ಒಂದೂಕಾಲು” ಎಂದ.

ಡಾಕ್ಟರು ಪಟ್ಟಿಗಳನ್ನು ನೋಡಿದರು, ಅವನನ್ನು ನೋಡಿದರು. “ಇಷ್ಟು ನಿಖರವಾಗಿ ನಮ್ಮಲ್ಲೂ ಯಾರೂ ಬರೆದಿಡಲ್ಲ” ಎಂದರು. “ಮೊದಲನೇ ಪಟ್ಟಿ ಕತ್ತರಿಸಿದ ದಿನ ಕರ್ಕೊಂಡು ಬಂದಿದ್ರೆ ವ್ಯಾಯಾಮ, ಮಾತ್ರೆ, ಕೋಲು ಇದರಲ್ಲೇ ಇನ್ನೂ ಕೆಲವು ವರ್ಷ ತಳ್ಳಬಹುದಿತ್ತೋ ಏನೋ. ಈಗ ಚಿತ್ರ ತೆಗೆಸೋಣ. ನನಗೇನೋ ಕೀಲು ಬದಲಾಯಿಸಬೇಕು ಅನ್ಸತ್ತೆ.”

ಇಂಚುಪಟ್ಟಿ ತಲೆ ತಗ್ಗಿಸಿದ. ಹೆಂಡತಿ ಮಂಚದ ಮೇಲಿಂದ ಆ ಮೂರು ಪಟ್ಟಿಗಳನ್ನೇ ನೋಡುತ್ತಿದ್ದಳು. ಕಂದು, ನೀಲಿ, ಬೂದು. ಹಿಂಡಿ ಎಳೆದು ಹಾಕಿದ್ದೀಯ ಎಂದು ಮೊದಲೆರಡಕ್ಕೆ ಬೈಸಿಕೊಂಡಿದ್ದಳು. ಅವಳು ಅಳಲಿಲ್ಲ. ಮಂಚದಿಂದ ತಾನೇ ಇಳಿದಳು. ಕೈ ಹಿಡಿಯಲು ಬಂದ ಗಂಡನ ಕೈಯನ್ನು ನೋಡಿ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಎಕ್ಸ್‌ರೇಯಲ್ಲಿ ಡಾಕ್ಟರು ಹೇಳಿದ್ದೇ ಕಂಡಿತು. ತೊಡೆಮೂಳೆಯ ಗುಂಡುತಲೆ ಚಪ್ಪಟೆಯಾಗಿತ್ತು, ಅದು ಕೂರುವ ಬಟ್ಟಲಿಗೂ ಅದಕ್ಕೂ ನಡುವೆ ಸಂದೇ ಇರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಮೂರು ತಿಂಗಳು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗೋಡೆಗೆ ವರ್ಷದ ಕೊನೆಯ ತಾರೀಖನ್ನು ಬರೆದು ಅಂಟಿಸಿಕೊಂಡಿದ್ದಳು. ಇಂಚುಪಟ್ಟಿ ಅಡುಗೆ ಮಾಡಿದ, ಬಟ್ಟೆ ಹಿಂಡಿದ, ಬಕೆಟ್ಟು ಹೊತ್ತ. ಕೆಟ್ಟ ಮೇಲೆ ಬಂದ ಬುದ್ಧಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅವಳೂ ತಟ್ಟಲಿಲ್ಲ. ಬಡಿಸಿದ್ದನ್ನು ಉಂಡಳು, “ಉಪ್ಪು ಕಡಿಮೆ” ಎಂದಳು.

ಅಂಗಡಿಯಲ್ಲೂ ಅವನು ಚಿಕ್ಕಪ್ಪನ ಪಾಠ ಮುರಿದ. ಬೇಕರಿಯವನ ಪ್ಯಾಂಟು ಅಳೆಯುವಾಗ, “ನಿಮ್ಮ ಬಲಗಾಲು ಕಾಲಿಂಚು ಕಡಿಮೆ ಬರ್ತಿದೆ, ಮಂಡಿ ನೋವಿದ್ರೆ ಸೊಂಟದ ಕೀಲು ತೋರಿಸಿ” ಎಂದ. ಬೇಕರಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತುಟಿ ಸೊಟ್ಟ ಮಾಡಿದ. “ನೀವು ಹೊಲಿಯೋದು ನೋಡ್ಕೊಳ್ಳಿ ಮಾಸ್ಟ್ರೇ” ಎಂದ. ಇಂಚುಪಟ್ಟಿಗೆ ಅದು ಎಲ್ಲೋ ಕಂಡ ಮುಖ ಅನ್ನಿಸಿತು.

ವರ್ಷದ ಕೊನೆಗೆ ಇನ್ನೂ ಮೂರು ವಾರವಿರುವಾಗ ಅವಳು ಕೆಲಸಕ್ಕೆ ಹೊರಟಳು. ಬೂದು ಲಂಗ ಉಟ್ಟಿದ್ದಳು. ಕಾಲುಗಳು ಈಗ ಸಮ. ಲಂಗ ಮಾತ್ರ ಬಲಗಡೆ ಒಂದೂಕಾಲು ಇಂಚು ಮೇಲೆದ್ದು, ಯಾರೋ ಕಚ್ಚಿದ ಹಾಗೆ ಕಾಣುತ್ತಿತ್ತು.

ಇಂಚುಪಟ್ಟಿ ಬಾಗಿಲಿಗೆ ಅಡ್ಡ ಬಂದ. “ಕೊಡು ಇಲ್ಲಿ, ಹತ್ತು ನಿಮಿಷದ ಕೆಲಸ. ಎಡಗಡೆ ಮಡಚಿ ಸಮ ಮಾಡ್ಕೊಡ್ತೀನಿ. ಹೀಗೆ ಬೀದೀಲಿ ಹೋದ್ರೆ ಜನ ಏನಂದಾರು?”

“ಬೇಡ್ರೀ. ಲಂಗ ಸಮ ಮಾಡಿದ್ದು ಸಾಕು” ಎಂದು ಅವಳು ಪಟ್ಟಿಯಿರುವ ಚಪ್ಪಲಿಯನ್ನು ತಾನೇ ಬಗ್ಗಿ ಹಾಕಿಕೊಂಡು ಹೊರಟಳು.

ಅವತ್ತಿನಿಂದ ದಿನವೂ ಅಂಗಡಿಯ ಮುಂದಿನಿಂದಲೇ ಹೋಗುತ್ತಾಳೆ. ಒಂದು ದಿನ ಕಂದು, ಒಂದು ದಿನ ನೀಲಿ, ಒಂದು ದಿನ ಬೂದು. ಗಿರಾಕಿಗಳು ಕುತ್ತಿಗೆ ಹೊರಳಿಸಿ ನೋಡುತ್ತಾರೆ. ಇಂಚುಪಟ್ಟಿ ಯಂತ್ರದ ಮೇಲೆ ಬಗ್ಗಿ ಸೂಜಿಗೆ ದಾರ ಪೋಣಿಸುವವನ ಹಾಗೆ ನಟಿಸುತ್ತಾನೆ. ಗ್ರಂಥಾಲಯದ ಇಪ್ಪತ್ತೆರಡು ಮೆಟ್ಟಿಲನ್ನು ಅವಳು ಈಗ ಮೆಟ್ಟಿಲಿಗೊಂದೇ ಹೆಜ್ಜೆಯಿಟ್ಟು ಹತ್ತುತ್ತಾಳೆ. ಮೇಲೆ ಯಾರಾದರೂ ಹೆಂಗಸರು ಸಂಕೋಚದಿಂದ, “ಅಕ್ಕಾ, ನಿಮ್ಮ ಲಂಗದ ಅಂಚು ಸೊಟ್ಟ ಇದೆಯಲ್ಲ, ಯಾರು ಹೊಲಿದಿದ್ದು?” ಎಂದು ಕೇಳಿದರೆ ಅವಳು ಪುಸ್ತಕಕ್ಕೆ ಮೊಹರು ಒತ್ತುತ್ತಾ ತಲೆ ಎತ್ತದೆ ಹೇಳುತ್ತಾಳೆ.

“ನಮ್ಮೆಜಮಾನ್ರು. ಅಳತೆ ಒಂದು ನೂಲೆಳೆಯಷ್ಟೂ ತಪ್ಪಿಲ್ಲ.”